38 ವರ್ಷದ ಖಾತೆ, ಬಡ್ಡಿ ಎರಡೂವರೆ: ಹಳೆ ಗಿರಾಕಿಗೆ ಬ್ಯಾಂಕಿನಲ್ಲಿ ಏನಾದರೂ ಕಿಮ್ಮತ್ತಿದೆಯಾ?

ನವನಗರದ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ನವನಗರದವನು. ವಿಷಯ ನಮ್ಮ ಅಪ್ಪನ ಉಳಿತಾಯ ಖಾತೆಯದು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಅಪ್ಪ 1987ರಲ್ಲಿ ಹಳೆ ಊರಿನ ಒಂದು ಬ್ಯಾಂಕಿನಲ್ಲಿ ಖಾತೆ ತೆಗೆದರು. ಆಗಿನ ಪಾಸ್‌ಬುಕ್ ಇನ್ನೂ ಟ್ರಂಕಿನಲ್ಲಿದೆ. ಅದರ ಮೇಲೆ ಜಿಲ್ಲೆ ಬಿಜಾಪುರ ಅಂತಲೇ ಬರೆದಿದೆ, ನಮ್ಮದು ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ ಅಲ್ವಾ. ಅಪ್ಪ ಹೈಸ್ಕೂಲಿನಲ್ಲಿ ಕ್ಲಾರ್ಕ್ ಆಗಿದ್ದರು. ಪಗಾರ ಅದೇ ಖಾತೆಗೆ, ಆಮೇಲೆ ಪಿಂಚಣಿ ಅದೇ ಖಾತೆಗೆ, ಆಲಮಟ್ಟಿ ಹಿನ್ನೀರಿಗೆ ಮನೆ ಹೋದಾಗ ಬಂದ ಪರಿಹಾರ ಅದೇ ಖಾತೆಗೆ, ತಂಗಿ ಮದುವೆಗೆ ರೊಕ್ಕ ತೆಗೆದಿದ್ದೂ ಅಲ್ಲಿಂದಲೇ. ನಾವು ನವನಗರಕ್ಕೆ ಬಂದೆವು, ಹಿಂದೆಯೇ ಬ್ಯಾಂಕೂ ಬಂತು. ಮ್ಯಾನೇಜರುಗಳು ಎಷ್ಟು ಜನ ಬದಲಾದರೋ ಲೆಕ್ಕವಿಲ್ಲ. ಅಪ್ಪ ಮಾತ್ರ ಬದಲಾಗಲಿಲ್ಲ.

ಮೊನ್ನೆ ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋದೆ. ಮಷಿನ್ ಕೆಟ್ಟಿತ್ತು (ಯಾವತ್ತು ಸರಿ ಇತ್ತು ಹೇಳಿ). ಕೌಂಟರಿನಲ್ಲಿ ಕೇಳಿ ಸ್ಟೇಟ್‌ಮೆಂಟ್ ತೆಗೆಸಿದೆ. ಖಾತೆಯಲ್ಲಿ 3.2 ಲಕ್ಷ ಸುಮ್ನೆ ಕೂತಿದೆ, ಆಸ್ಪತ್ರೆಗೆ ಬೇಕಾಗಬಹುದು ಅಂತ. ಮೂರು ತಿಂಗಳ ಬಡ್ಡಿ 2,000 ರೂಪಾಯಿ. ವರ್ಷದ ಮೊದಲು ಅಷ್ಟೇ ರೊಕ್ಕಕ್ಕೆ 2,200 ಬರುತ್ತಿತ್ತು. 2.75 ಇದ್ದದ್ದು 2.5 ಆಗಿದೆಯಂತೆ. ಒಂದು ಮೆಸೇಜ್ ಇಲ್ಲ, ಗೋಡೆಗೆ ಒಂದು ಚೀಟಿ ಇಲ್ಲ. ಮೆಸೇಜ್ ಕಳಿಸೋಕೆ ಬರಲ್ಲ ಅಂತಲ್ಲ, 76 ವರ್ಷದ ಮನುಷ್ಯನಿಗೆ ವಾರಕ್ಕೆ ಎರಡು ಸಲ ಪರ್ಸನಲ್ ಲೋನ್ ಬೇಕಾ ಅಂತ ಕಳಿಸುತ್ತಾರೆ. ಮೇಲೆ ಮೂರು ತಿಂಗಳಿಗೊಮ್ಮೆ ಎಸ್‌ಎಂಎಸ್ ಚಾರ್ಜ್ ಅಂತ ಬೇರೆ ಕತ್ತರಿಸುತ್ತಾರೆ.

ಕೌಂಟರಿನ ಹುಡುಗನನ್ನು ಕೇಳಿದೆ, ಇಷ್ಟು ಹಳೆ ಗಿರಾಕಿ, ಹಿರಿಯ ನಾಗರಿಕರು, ಅರ್ಧ ಪರ್ಸೆಂಟ್ ಜಾಸ್ತಿ ಏನೂ ಇಲ್ವಾ ಅಂತ. "ಸರ್, ಅದು ಎಫ್‌ಡಿಗೆ. ಎಸ್‌ಬಿಗೆ, ಅಂದರೆ ಉಳಿತಾಯ ಖಾತೆಗೆ, ಎಲ್ಲರಿಗೂ ಒಂದೇ" ಅಂದ. ಮಾತು ಮುಗಿಯುವ ಮೊದಲೇ "ನೆಕ್ಸ್ಟ್" ಅಂದುಬಿಟ್ಟ. ಮನೆಗೆ ಬಂದು ಹೇಳಿದರೆ ಅಪ್ಪನದು ಒಂದೇ ಮಾತು: "ಇರ್ಲಿ ಬಿಡೋ, ನಾಕು ರೂಪಾಯಿ ಸಲುವಾಗಿ ಬ್ಯಾಂಕಿನವರ ಜೋಡಿ ಜಗಳ ತಗೀಬ್ಯಾಡ."

ನನ್ನ ಪ್ರಶ್ನೆ ಇಷ್ಟೇ. ಎಲ್ಲ ಬ್ಯಾಂಕಿನಲ್ಲೂ ಹೀಗೇನಾ? ಖಾತೆ ಬೇರೆ ಕಡೆ ಒಯ್ಯಬೇಕಾ, ಇಲ್ಲೇ ಇಟ್ಟು ಏನಾದರೂ ಮಾಡಬಹುದಾ? 38 ವರ್ಷ ಒಂದೇ ಕಡೆ ಇದ್ದಿದ್ದಕ್ಕೆ ಏನೂ ಬೆಲೆ ಇಲ್ಲ ಅಂದರೆ ಸಿಟ್ಟು ಬರುತ್ತೆ, ಸುಳ್ಳು ಯಾಕೆ ಹೇಳಲಿ.

ಬೆಳಗಾವಿ ಬುಲೆಟ್

ಅಣ್ಣಾ, ಇನ್ನೂ ಪಾಸ್‌ಬುಕ್ಕಾ? 😀 ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ಖಾತೆ ತೆಗೀರಿ, ಏಳು ಪರ್ಸೆಂಟ್ ತನಕ ಕೊಡ್ತಾರೆ. ಮೊಬೈಲಿನಲ್ಲಿ ಹತ್ತು ನಿಮಿಷದ ಕೆಲಸ, ವಿಡಿಯೋದಲ್ಲಿ ಆಧಾರ್, ಪ್ಯಾನ್ ತೋರಿಸಿದರೆ ಮುಗೀತು. ಹಳೆ ಬ್ಯಾಂಕಿಗೆ ನಮಸ್ಕಾರ ಹೇಳಿ. ಅಲ್ಲಿ ಕೂತು ಅಳೋದರಲ್ಲಿ ಅರ್ಥ ಇಲ್ಲ.

ರಿಟೈರ್ಡ್ ಕ್ಯಾಷಿಯರ್, ವಿಜಯಪುರ

ಮಾಸ್ತರೇ, ನಾನು 33 ವರ್ಷ ಕ್ಯಾಶ್ ಕೌಂಟರಿನ ಆಚೆ ಕಡೆ ಕೂತವನು. ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಆದರೆ ಸಿಟ್ಟು ತಪ್ಪು ಜಾಗದ ಮೇಲಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಕೌಂಟರಿನ ಹುಡುಗ. ಅವನು ಹೇಳಿದ್ದು ನಿಜ. ಒಂದು ಲಕ್ಷದವರೆಗಿನ ಉಳಿತಾಯ ಠೇವಣಿಗೆ ಒಂದು ಬ್ಯಾಂಕು ಎಲ್ಲ ಗಿರಾಕಿಗಳಿಗೂ ಒಂದೇ ದರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ. ಲಕ್ಷದ ಮೇಲೆ ಮೊತ್ತ ನೋಡಿ ಬೇರೆ ದರ ಕೊಡಬಹುದು, ಆದರೆ ಈ ಮನುಷ್ಯ ಹಳಬ, ಆ ಮನುಷ್ಯ ಹೊಸಬ ಅಂತ ನೋಡುವ ಹಾಗಿಲ್ಲ. ಒಬ್ಬರಿಗೆ ಮಾತ್ರ ವಿನಾಯಿತಿ ಇದೆ. ಯಾರು ಗೊತ್ತಾ? ನಾವೇ. ಬ್ಯಾಂಕಿನ ಸಿಬ್ಬಂದಿಗೆ, ನಿವೃತ್ತ ಸಿಬ್ಬಂದಿಗೆ ಒಂದು ಪರ್ಸೆಂಟ್ ಜಾಸ್ತಿ ಕೊಡಬಹುದು ಅಂತ ನಿಯಮವಿದೆ. ಬೈಯಬೇಡಿ, ನಾನು ಮಾಡಿದ ನಿಯಮ ಅಲ್ಲ.

ಈಗ ದರದ ಕಥೆ. ನಿಮ್ಮ ತಂದೆಯವರು ಖಾತೆ ತೆಗೆದಾಗ ಎಸ್‌ಬಿ ಬಡ್ಡಿಯನ್ನು ರಿಸರ್ವ್ ಬ್ಯಾಂಕೇ ಗೊತ್ತು ಮಾಡುತ್ತಿತ್ತು, 5 ಪರ್ಸೆಂಟ್ ಇತ್ತು. 1992ರಲ್ಲಿ 6 ಆಯಿತು. ಅಲ್ಲಿಂದ ಇಳಿದು ಇಳಿದು 2003ರ ಮಾರ್ಚಿನಲ್ಲಿ 3.5ಕ್ಕೆ ನಿಂತಿತು, ಎಂಟು ವರ್ಷ ಅಲ್ಲೇ ಇತ್ತು. ಇನ್ನೊಂದು ತಮಾಷೆ ಕೇಳಿ. 2010ರ ಏಪ್ರಿಲ್‌ವರೆಗೆ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅಷ್ಟಕ್ಕೆ ಮಾತ್ರ ಬಡ್ಡಿ. 29 ದಿನ ಲಕ್ಷ ರೂಪಾಯಿ ಇಟ್ಟು 25ನೇ ತಾರೀಖು ಒಂದು ದಿನ ತೆಗೆದು ಮರುದಿನ ಹಾಕಿದರೂ ಆ ತಿಂಗಳು ಸೊನ್ನೆ. ಬುದ್ಧಿವಂತ ಗಿರಾಕಿಗಳು ಹತ್ತನೇ ತಾರೀಖಿನೊಳಗೆ ರೊಕ್ಕ ಕಟ್ಟಲು ಕ್ಯೂ ಹಚ್ಚುತ್ತಿದ್ದರು. ಈಗ ದಿನದ ಬಾಕಿ ಮೇಲೆ ಲೆಕ್ಕ. ಆದ್ದರಿಂದ ಹಳೇ ಕಾಲ ಎಲ್ಲ ಚೆನ್ನಾಗಿತ್ತು ಅನ್ನುವವರ ಮಾತು ಪೂರ್ತಿ ನಂಬಬೇಡಿ.

2011ರ ಮೇ ತಿಂಗಳಲ್ಲಿ 4 ಮಾಡಿದರು. ಅದೇ ವರ್ಷ ಅಕ್ಟೋಬರ್ 25ಕ್ಕೆ ರಿಸರ್ವ್ ಬ್ಯಾಂಕ್ ಕೈಬಿಟ್ಟಿತು, ನಿಮ್ಮ ದರ ನೀವೇ ಹಾಕಿಕೊಳ್ಳಿ ಅಂತ. ಆಗ ಕೆಲವು ಖಾಸಗಿ ಬ್ಯಾಂಕುಗಳು ಗಿರಾಕಿ ಸೆಳೆಯಲು 6ಕ್ಕೆ ಹೋದವು. ಪೈಪೋಟಿಯಿಂದ ಎಲ್ಲರಿಗೂ ಜಾಸ್ತಿ ಆಗುತ್ತೆ ಅಂದುಕೊಂಡಿದ್ದೆವು. ಆಗಲಿಲ್ಲ. ದೊಡ್ಡ ಬ್ಯಾಂಕುಗಳು ನಾಲ್ಕರಲ್ಲೇ ಕೂತವು, ಯಾಕೆಂದರೆ ನಿಮ್ಮ ತಂದೆಯಂಥವರು ಎಲ್ಲೂ ಹೋಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಎಸ್‌ಬಿಐ 2017ರ ಜುಲೈ ಕೊನೆಗೆ 3.5 ಮಾಡಿತು. 2020ರಲ್ಲಿ ಮಾರ್ಚಿನಿಂದ ಮೇ ಒಳಗೆ 3, 2.75, 2.7. 2025ರ ಜೂನ್ 15ರಿಂದ 2.5. ಅದೇ ಜೂನ್‌ನಲ್ಲಿ ಎಚ್‌ಡಿಎಫ್‌ಸಿ, ಐಸಿಐಸಿಐ ಕೂಡ 2.5ಕ್ಕೆ ಬಂದವು. ಅಂದರೆ ನೀವು ದೊಡ್ಡ ಬ್ಯಾಂಕಿನಿಂದ ದೊಡ್ಡ ಬ್ಯಾಂಕಿಗೆ ಹಾರಿದರೆ ಸಿಗುವುದು ಹೊಸ ಚೆಕ್‌ಬುಕ್ ಮಾತ್ರ.

ಯಾಕೆ ಇಳಿಸಿದರು? 2025ರ ಫೆಬ್ರವರಿಯಿಂದ ಜೂನ್ ತನಕ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ, 6.5ರಿಂದ 5.5ಕ್ಕೆ ಬಂತು. ಮನೆ ಸಾಲ ಬಹಳಷ್ಟು ರೆಪೋಗೆ ಕಟ್ಟಿದ್ದು, ಹಾಗಾಗಿ ಸಾಲದ ಬಡ್ಡಿ ತಾನಾಗಿಯೇ ಇಳಿಯಿತು. ಆದರೆ ಹಳೆ ಎಫ್‌ಡಿಗೆ ಬರೆದುಕೊಟ್ಟ ಬಡ್ಡಿ ಅವಧಿ ಮುಗಿಯುವ ತನಕ ಕೊಡಲೇಬೇಕು. ರಾತ್ರೋರಾತ್ರಿ ಇಳಿಸಲು ಬ್ಯಾಂಕಿನ ಕೈಯಲ್ಲಿ ಉಳಿಯುವುದು ಒಂದೇ, ಉಳಿತಾಯ ಖಾತೆ. ಅದಕ್ಕೆ ಅವಧಿ ಇಲ್ಲ, ಕರಾರು ಇಲ್ಲ, ಕೇಳುವವರೂ ಇಲ್ಲ.

ಬ್ಯಾಂಕಿನೊಳಗೆ ಕಾಸಾ ಅಂತ ಒಂದು ಮಾತಿದೆ, ಕರೆಂಟ್ ಮತ್ತು ಸೇವಿಂಗ್ಸ್ ಖಾತೆಯ ರೊಕ್ಕ. ಪ್ರತಿ ಮೀಟಿಂಗಿನಲ್ಲೂ ಅದೇ ಜಪ, ಕಾಸಾ ಎಷ್ಟು, ಕಾಸಾ ಎಷ್ಟು. ಅದು ಬ್ಯಾಂಕಿಗೆ ಅತಿ ಅಗ್ಗದ ರೊಕ್ಕ. ನಿಮ್ಮ ತಂದೆ ಅದನ್ನು ನಂಬಿಕೆ ಅಂತಾರೆ, ನಮ್ಮ ರಿವ್ಯೂ ಶೀಟಿನಲ್ಲಿ ಅದಕ್ಕೆ ಬೇರೆ ಕಾಲಂ ಇರಲಿಲ್ಲ.

ಈಗ ಆ ತಪ್ಪು ಜಾಗದ ಮಾತು. 2.75ರಿಂದ 2.5 ಆಗಿದ್ದಕ್ಕೆ ನಿಮಗೆ ವರ್ಷಕ್ಕೆ ಹೋಗಿದ್ದು 800 ರೂಪಾಯಿ. ಅದಕ್ಕೆ ಸಿಟ್ಟು ಬಂತು. ಆದರೆ 3.2 ಲಕ್ಷವೂ ಎಸ್‌ಬಿಯಲ್ಲೇ ಕೂತಿದ್ದಕ್ಕೆ ಎಷ್ಟು ಹೋಗುತ್ತಿದೆ ನೋಡಿದ್ದೀರಾ? 50 ಸಾವಿರ ಕೈಗೆ ಸಿಗುವಂತೆ ಬಿಟ್ಟು 2.7 ಲಕ್ಷವನ್ನು ಹಿರಿಯ ನಾಗರಿಕರ ಎಫ್‌ಡಿಗೆ ಹಾಕಿ, 6.75 ಅಂತ ಹಿಡಿಯಿರಿ, ವರ್ಷಕ್ಕೆ 18,225. ಎಸ್‌ಬಿಯಲ್ಲಿ ಅದೇ ರೊಕ್ಕಕ್ಕೆ 6,750. ಹನ್ನೊಂದು ಸಾವಿರದ ಮೇಲೆ ವ್ಯತ್ಯಾಸ. ಇದನ್ನು ಹೇಳಿಕೊಡಬೇಕಾದವರು ಆ ಶಾಖೆಯವರು. ಹೇಳಲಿಲ್ಲ. ನಾನೂ ನನ್ನ ಕಾಲದಲ್ಲಿ ಎಷ್ಟೋ ಜನರಿಗೆ ಹೇಳಲಿಲ್ಲ, ಒಪ್ಪಿಕೊಳ್ಳುತ್ತೇನೆ. ಕ್ಯೂ ಬಾಗಿಲ ತನಕ ಇರುತ್ತಿತ್ತು ಅನ್ನುವುದು ಒಂದು ನೆಪ.

ಬೆಳಗಾವಿ ತಮ್ಮನಿಗೆ ಒಂದು ಮಾತು. ಏಳು ಪರ್ಸೆಂಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಅದು ಸಾಮಾನ್ಯವಾಗಿ ದೊಡ್ಡ ಮೊತ್ತದ ಸ್ಲ್ಯಾಬಿಗೆ. ಮೊದಲ ಲಕ್ಷಕ್ಕೆ ಅಲ್ಲಿಯೂ ಬಹಳ ಕಡಿಮೆ ಇರುತ್ತೆ. ಸ್ಲ್ಯಾಬ್ ಓದದೆ ಹೋಗಬೇಡಿ. ಹಾಗಂತ ಸ್ಮಾಲ್ ಫೈನಾನ್ಸ್ ಬ್ಯಾಂಕ್ ಅಂದರೆ ಹೆದರಬೇಕಿಲ್ಲ, ಅದಕ್ಕೂ 5 ಲಕ್ಷದ ಠೇವಣಿ ವಿಮೆ ಇದೆ.

ಇಳಕಲ್ ಸೀರೆ ಅಂಗಡಿ

ಸಾಹೇಬರೇ, ನೀವು ಎರಡೂವರೆ ಕಡಿಮೆ ಅಂತೀರಿ, ನಮ್ಮ ಕರೆಂಟ್ ಅಕೌಂಟಿಗೆ ಸೊನ್ನೆ. ಯಾರಿಗೆ ಹೇಳೋಣ 🙂

ಆದರೆ ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ. ಹಳೆ ಗಿರಾಕಿಗೆ ಬೆಲೆ ಇಲ್ಲ ಅನ್ನೋದು ಪೂರ್ತಿ ಸರಿ ಅಲ್ಲ. 2016ರ ನವೆಂಬರ್‌ನಲ್ಲಿ ನೋಟ್ ಬಂದ್ ಆದಾಗ ನೇಕಾರರಿಗೆ ಕೂಲಿ ಕೊಡಲು ನನ್ನ ಹತ್ತಿರ ಹೊಸ ನೋಟು ಇರಲಿಲ್ಲ. ಮಗ್ಗ ನಿಲ್ಲೋ ಹೊತ್ತು. ಆಗಿನ ಮ್ಯಾನೇಜರ್ ನಿಯಮ ಮುರಿಯಲಿಲ್ಲ, ಮಿತಿಯೊಳಗೇ ಕೊಟ್ಟರು, ಆದರೆ ಕ್ಯಾಶ್ ಬಂದ ದಿನ ತಾವೇ ಫೋನ್ ಮಾಡಿ ಬರ್ರೀ ಅಂತ ಕರೆದರು. ಲಾಕ್‌ಡೌನಿನಲ್ಲಿ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇದ್ದದ್ದಕ್ಕಿಂತ ಜಾಸ್ತಿ ತೆಗೆಯುವ ಸಾಲ) ಲಿಮಿಟ್ ಸಲುವಾಗಿ ಹೋದಾಗ ಕಾಗದ ಎಲ್ಲ ಅವರ ಹತ್ತಿರವೇ ಇತ್ತು, ಒಂದು ವಾರದಲ್ಲಿ ಆಯ್ತು. ಪಕ್ಕದ ಅಂಗಡಿಯವನು ಆ್ಯಪಿನ ಹಿಂದೆ ಎರಡು ತಿಂಗಳು ತಿರುಗಿದ.

ಏನು ಹೇಳ್ತೀನಿ ಅಂದರೆ, ಆ ಬೆಲೆ ಬ್ಯಾಂಕು ಕೊಡೋದಲ್ಲ, ಆ ಕುರ್ಚಿಯಲ್ಲಿ ಕೂತ ಮನುಷ್ಯ ಕೊಡೋದು. ಮತ್ತೆ ಆ ಮನುಷ್ಯ ಮೂರು ವರ್ಷಕ್ಕೆ ವರ್ಗ ಆಗಿ ಹೋಗ್ತಾನೆ. ಹೊಸಬರು ಬಂದ ದಿನದಿಂದ ನಾನು ಮತ್ತೆ ಹೊಸ ಗಿರಾಕಿ. ಈಗಿರೋ ಮ್ಯಾನೇಜರ್ ದೂರದ ರಾಜ್ಯದವರು, ಒಳ್ಳೆಯ ಹುಡುಗ, ಆದರೆ ಅವರಿಗೆ ಕನ್ನಡ ಬರಲ್ಲ, ನನಗೆ ಹಿಂದಿ ಅಷ್ಟಕ್ಕಷ್ಟೆ. ನಮ್ಮಿಬ್ಬರ ನಡುವೆ ಪ್ಯೂನ್ ಕೂತು ಮಾತಾಡಿಸ್ತಾನೆ. ಸಂಬಂಧ ಎಲ್ಲಿಂದ ಬೆಳೀಬೇಕು ಹೇಳಿ.

ಟಿಳಕವಾಡಿ ಅಕ್ಕ

ಉಳಿತಾಯ ಖಾತೆಯದು ಚಿಲ್ಲರೆ ಲೆಕ್ಕ. ಹಳೆ ಗಿರಾಕಿಗೆ ನಿಜವಾದ ಹೊಡೆತ ಬೀಳೋದು ಮನೆ ಸಾಲದಲ್ಲಿ. ನನ್ನ ಕಥೆ ಕೇಳಿ.

2017ರಲ್ಲಿ ಬೆಳಗಾವಿಯಲ್ಲಿ ಫ್ಲ್ಯಾಟ್ ತಗೊಂಡೆವು. ಯಜಮಾನರ ಪಗಾರ ಬರುವ ಬ್ಯಾಂಕಿನಲ್ಲೇ ಸಾಲ. ಒಂದು ಕಂತೂ ತಪ್ಪಿಸಿಲ್ಲ. 2025ರ ಮಳೆಗಾಲದಲ್ಲಿ ನಮ್ಮ ಮೈದುನ ಅದೇ ಬ್ಯಾಂಕಿನಲ್ಲಿ, ಅದೇ ಶಾಖೆಯಲ್ಲಿ ಸಾಲ ತಗೊಂಡ. ಅವನಿಗೆ ಏಳೂವರೆ. ನಮ್ಮದು ತೆಗೆದು ನೋಡಿದರೆ 9.1! ನಾನು ತಪ್ಪು ಓದಿದೆ ಅಂದ್ಕೊಂಡು ಕನ್ನಡಕ ಒರೆಸಿ ಮತ್ತೆ ನೋಡಿದೆ.

ವಿಷಯ ಏನಪ್ಪಾ ಅಂದರೆ ನಮ್ಮ ಸಾಲ ಎಂಸಿಎಲ್ಆರ್ ಲೆಕ್ಕದ್ದು, ಅದು ಬ್ಯಾಂಕು ತಾನೇ ಗೊತ್ತು ಮಾಡುವ ದರ. 2019ರ ಅಕ್ಟೋಬರ್ 1ರಿಂದ ಹೊಸ ಮನೆ ಸಾಲಗಳನ್ನು ರೆಪೋದಂಥ ಹೊರಗಿನ ದರಕ್ಕೆ ಕಟ್ಟಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಹಳೆ ಸಾಲದವರು ಕೇಳಿ ಬದಲಿಸಿಕೊಳ್ಳಬೇಕು, ತಾನಾಗಿ ಆಗಲ್ಲ. ಆರು ವರ್ಷ ನಮಗೆ ಯಾರೂ ಹೇಳಿಲ್ಲ. ಕಂತು ಸರಿಯಾಗಿ ಬರ್ತಿತ್ತಲ್ಲ, ಯಾಕೆ ಹೇಳ್ತಾರೆ?

ಶಾಖೆಗೆ ಹೋದರೆ "ಮೇಡಂ, ಅರ್ಜಿ ಕೊಟ್ಟು ಹೋಗಿ, ನೋಡೋಣ" ಅಂದರು. ಎರಡು ವಾರ ಏನೂ ಆಗಲಿಲ್ಲ. ಆಮೇಲೆ ನನ್ನ ತಂಗಿ ಒಂದು ಉಪಾಯ ಹೇಳಿದಳು. ಸಾಲ ಬೇರೆ ಬ್ಯಾಂಕಿಗೆ ಒಯ್ತೀವಿ, ಫೋರ್‌ಕ್ಲೋಷರ್ (ಸಾಲ ಪೂರ್ತಿ ತೀರಿಸುವ ಲೆಕ್ಕದ) ಪತ್ರ ಕೊಡಿ ಅಂತ ಬರೆದು ಕೊಟ್ಟೆ. ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ಫೋನ್! ಎಂಟು ವರ್ಷದಲ್ಲಿ ಮೊದಲ ಸಲ ನಮಗೆ ಬಿಸ್ಕೀಟು ಕೊಟ್ಟರು. ಬದಲಾವಣೆ ಫೀ ಮತ್ತು ಅದರ ಮೇಲೆ ಜಿಎಸ್‌ಟಿ ಕಟ್ಟಿದೆವು, ದರ ಏಳೂವರೆಗೆ ಬಂತು. ಬಾಕಿ ಇದ್ದದ್ದು 14 ಲಕ್ಷ, ಲೆಕ್ಕ ಹಾಕಿ, ವರ್ಷಕ್ಕೆ 22 ಸಾವಿರದಷ್ಟು ವ್ಯತ್ಯಾಸ. ಆರು ವರ್ಷದ್ದು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಸುಮ್ನೆ ಬೆದರಿಕೆ ಹಾಕಿದ್ದಲ್ಲ, ಕೊಡದಿದ್ದರೆ ಒಯ್ಯುವವರೇ ಇದ್ದೆವು. ವ್ಯಕ್ತಿಗಳ ಫ್ಲೋಟಿಂಗ್ (ಏರಿಳಿಯುವ) ದರದ ಮನೆ ಸಾಲ ಮುಂಚೆ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ಹೊಸ ಬ್ಯಾಂಕಿನ ಖರ್ಚು ಮಾತ್ರ ಬರುತ್ತೆ.

ಮಾಸ್ತರೇ, ನಿಮ್ಮ ತಂದೆಯವರ ಹೆಸರಲ್ಲಿ ಹಳೆ ಎಫ್‌ಡಿ ಏನಾದರೂ ಇದ್ದರೆ ಅದನ್ನೂ ತೆಗೆದು ನೋಡಿ. ತಾನಾಗಿ ರಿನೀವಲ್ ಆಗುತ್ತಾ ಹೋಗುತ್ತೆ, ಹಳೆ ಅವಧಿಗೇ. 444 ದಿನ ಅಂತ ಏನೇನೋ ಸ್ಪೆಷಲ್ ಸ್ಕೀಮಿನ ಬೋರ್ಡು ಹಾಕಿರುತ್ತಾರಲ್ಲ, ಅದು ಹೋಗಿ ಕೇಳಿದವರಿಗೆ.

ಮುಧೋಳ ಕಬ್ಬು

ಅಕ್ಕಾರ ಹೇಳಿದ್ದು ನೂರಕ್ಕೆ ನೂರು ಸರಿ. ಕೇಳದಿದ್ದರೆ ಏನೂ ಇಲ್ಲ.

ನಾವು ರೈತರು, ನಮಗೆ ಪಗಾರ ಇಲ್ಲ. ಕಬ್ಬಿನ ಬಿಲ್ಲು ಬಂದಾಗ ಖಾತೆ ತುಂಬುತ್ತೆ, ಆಮೇಲೆ ಗೊಬ್ಬರ, ಆಳು, ನೀರಿನ ಮೋಟರ್ ಅಂತ ನಿಧಾನ ಖಾಲಿ. ಒಮ್ಮೆಗೆ ಎಫ್‌ಡಿ ಹಾಕೋಕೆ ಧೈರ್ಯ ಬರಲ್ಲ, ಯಾವಾಗ ಬೇಕಾಗುತ್ತೋ ಗೊತ್ತಿರಲ್ಲ. ಅದಕ್ಕೆ ನಾನು ಆಟೋ ಸ್ವೀಪ್ ಮಾಡಿಸಿದ್ದೇನೆ. ಖಾತೆಯಲ್ಲಿ ಗೊತ್ತು ಮಾಡಿದ ಮಿತಿ ದಾಟಿದ ರೊಕ್ಕ ತಾನಾಗಿ ಎಫ್‌ಡಿ ಆಗುತ್ತೆ. ಚೆಕ್ ಬಂದಾಗ ಬೇಕಾದಷ್ಟೇ ಒಡೆದು ವಾಪಸ್ ಬರುತ್ತೆ. ಒಡೆದ ಭಾಗಕ್ಕೆ ಅದು ಇದ್ದಷ್ಟು ದಿನದ ದರ, ಸ್ವಲ್ಪ ಕಡಿಮೆ, ಉಳಿದದ್ದಕ್ಕೆ ಪೂರ್ತಿ ಬಡ್ಡಿ. ಮಾಸ್ತರ ತಂದೆಯವರಿಗೆ ಆಸ್ಪತ್ರೆ ರೊಕ್ಕದ ಚಿಂತೆ ಇದ್ದರೆ ಇದೇ ಸರಿ. ನಡುರಾತ್ರಿ ಎಟಿಎಂಗೆ ಹೋದರೂ ಬರುತ್ತೆ (ಕಾರ್ಡಿನ ಮಿತಿ ಇದ್ದೇ ಇರುತ್ತೆ). ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಹೆಸರು. ಸ್ವೀಪ್ ಅಂದರೆ ಕೌಂಟರಿನಲ್ಲಿ ಕೆಲವರಿಗೆ ತಿಳಿಯಲ್ಲ, ಫಾರ್ಮ್ ಇಲ್ಲ ಅಂತಾರೆ. ಇದೆ, ಮತ್ತೆ ಕೇಳಿ.

ಇನ್ನೊಂದು, ಬೇಡ ಅಂದ್ಕೊಂಡಿದ್ದೆ ಆದರೂ ಬರೀತೀನಿ. ಬಡ್ಡಿ ಕಡಿಮೆ ಅಂತ ಸಿಟ್ಟಿನಲ್ಲಿ ಪತ್ತಿನ ಸಂಘ, ಸೌಹಾರ್ದ ಅಂತ ಓಡಬೇಡಿ. ನಮ್ಮ ಕಡೆ ಓಣಿಗೊಂದು ಇವೆ. ಚೆನ್ನಾಗಿ ನಡೆಯುವವು ಬಹಳ ಇವೆ, ಸುಳ್ಳು ಹೇಳಬಾರದು, ನನ್ನ ಮೊದಲ ಟ್ರ್ಯಾಕ್ಟರ್ ಅಂಥ ಒಂದು ಸಂಘದ ಸಾಲದಿಂದಲೇ ಬಂದದ್ದು. ಆದರೆ ನಮ್ಮ ಕಾಕಾ ಒಂದರಲ್ಲಿ ಹತ್ತು ಪರ್ಸೆಂಟ್ ಆಸೆಗೆ ಹೊಲ ಮಾರಿದ ರೊಕ್ಕ ಇಟ್ಟರು. ಚೇರ್ಮನ್ನರು ಪರಿಚಯದವರು, ಬೀಗರ ಕಡೆಯವರು. ಮೂರು ವರ್ಷ ಬಡ್ಡಿ ಬಂತು, ನಾಲ್ಕನೇ ವರ್ಷ ಬಾಗಿಲಿಗೆ ಬೀಗ ಬಿತ್ತು. ಕಾಕಾ ಈಗಲೂ ಆ ಬಾಂಡ್ ಕಾಗದವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಇಟ್ಟಿದ್ದಾರೆ, ತೆಗೆದು ತೋರಿಸ್ತಾರೆ, ಒಳಗಿಡ್ತಾರೆ.

ರಿಟೈರ್ಡ್ ಕ್ಯಾಷಿಯರ್, ವಿಜಯಪುರ

ಮುಧೋಳದವರು ಹೇಳಿದ್ದು ಬಹಳ ಮುಖ್ಯ. ಸಹಕಾರಿ ಬ್ಯಾಂಕು ಬೇರೆ, ಪತ್ತಿನ ಸಹಕಾರಿ ಸಂಘ ಬೇರೆ. ರಿಸರ್ವ್ ಬ್ಯಾಂಕ್ ಪರವಾನಗಿ ಇರುವ ಅರ್ಬನ್ ಬ್ಯಾಂಕು, ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿಗೆ ಠೇವಣಿ ವಿಮೆ ಇದೆ. ಸಂಘಕ್ಕೆ, ಸೌಹಾರ್ದಕ್ಕೆ ಅದು ಇಲ್ಲ. ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಎಲ್ಲ ಶಾಖೆ ಸೇರಿ, ಅಸಲು ಬಡ್ಡಿ ಸೇರಿ 5 ಲಕ್ಷ. 2020ರ ಫೆಬ್ರವರಿಗಿಂತ ಮುಂಚೆ ಒಂದೇ ಲಕ್ಷ ಇತ್ತು.

ಹಳೆ ಗಿರಾಕಿಯ ಮಾತು ಬಂದಿದ್ದಕ್ಕೆ ಒಂದು ನೆನಪಾಯಿತು. ನಮ್ಮ ಅಕ್ಕನ ಖಾತೆ ಮೊದಲು ಬಿಜಾಪುರ ಗ್ರಾಮೀಣ ಬ್ಯಾಂಕಿನಲ್ಲಿತ್ತು. 2005ರಲ್ಲಿ ಅದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು, 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್. ಅಕ್ಕ ಎಲ್ಲೂ ಹೋಗಲಿಲ್ಲ, ಬ್ಯಾಂಕೇ ಎರಡು ಸಲ ಮನೆ ಬದಲಿಸಿತು. "ಇವರಿಗೆ ನಾನು ಹಳೇ ಗಿರಾಕಿನೋ, ಇವರೇ ನನಗೆ ಹೊಸಬರೋ" ಅಂತ ಕೇಳುತ್ತಾಳೆ.

ನವನಗರದ ಮಾಸ್ತರ

ಎಲ್ಲರಿಗೂ ಉಪಕಾರ ಆಯ್ತು. ಕ್ಯಾಷಿಯರ್ ಸಾಹೇಬರ ಲೆಕ್ಕ ನೋಡಿ ನನಗೇ ನಾಚಿಕೆ ಆಯ್ತು, ಸಾಲಿಯಲ್ಲಿ ಮಕ್ಕಳಿಗೆ ಬಡ್ಡಿ ಲೆಕ್ಕ ಕಲಿಸೋನು ನಾನೇ. ಒಂದು ಸಂಶಯ. ಪೋಸ್ಟ್ ಆಫೀಸಿನ ಉಳಿತಾಯ ಖಾತೆಗೆ ಇನ್ನೂ 4 ಕೊಡ್ತಾರಂತೆ, ನಿಜಾನಾ? ಅಪ್ಪನಿಗೆ ಪೋಸ್ಟ್ ಅಂದರೆ ಬಹಳ ನಂಬಿಕೆ.

ರಿಟೈರ್ಡ್ ಕ್ಯಾಷಿಯರ್, ವಿಜಯಪುರ

ನಿಜ, 4 ಇದೆ. ಆದರೆ ನಾನು ಹೇಳಿದ ಆ ಹಳೇ ಹತ್ತನೇ ತಾರೀಖಿನ ಲೆಕ್ಕ ಅಲ್ಲಿ ಇನ್ನೂ ಬದುಕಿದೆ. 10ರಿಂದ ತಿಂಗಳ ಕೊನೆಯ ತನಕ ಇದ್ದ ಅತಿ ಕಡಿಮೆ ಬಾಕಿಗೆ ಬಡ್ಡಿ, ವರ್ಷಕ್ಕೊಮ್ಮೆ ಜಮಾ. ಅಲುಗಾಡದ ರೊಕ್ಕಕ್ಕೆ ಒಳ್ಳೆಯದು, ತೆಗೆದು ಹಾಕುವ ಖಾತೆಗೆ ಅಷ್ಟು ಲಾಭ ಇಲ್ಲ. ನಿಮ್ಮ ತಂದೆಯವರು ಐದು ವರ್ಷ ಮುಟ್ಟದ ರೊಕ್ಕ ಇದೆ ಅಂದರೆ ಪೋಸ್ಟಿನಲ್ಲೇ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ, 2025ರಲ್ಲಿ 8.2 ಪರ್ಸೆಂಟ್, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ. ಬೇಗ ತೆಗೆದರೆ ಸ್ವಲ್ಪ ಕತ್ತರಿಸುತ್ತಾರೆ. ಆಸ್ಪತ್ರೆ ರೊಕ್ಕ ಅಂತೀರಿ, ಹಾಗಾಗಿ ಪೂರ್ತಿ ಅಲ್ಲಿ ಹಾಕಬೇಡಿ.

ಬ್ಯಾಂಕಿಗೆ ಹೋದಾಗ ಎರಡು ಕೆಲಸ ಮರೆಯಬೇಡಿ. ಎಫ್‌ಡಿಗೆ ನಾಮಿನಿ ಬೇರೆಯಾಗಿ ಬರೆಸಿ, ಎಸ್‌ಬಿಗೆ ಇರುವುದು ಅದಕ್ಕೆ ತಾನಾಗಿ ಬರುವುದಿಲ್ಲ. ಟಿಡಿಎಸ್ (ಬಡ್ಡಿಯಲ್ಲೇ ಮುರಿಯುವ ತೆರಿಗೆ) ಚಿಂತೆ ಬೇಡ, 2025ರ ಏಪ್ರಿಲ್‌ನಿಂದ ಹಿರಿಯರಿಗೆ ಒಂದು ಬ್ಯಾಂಕಿನಿಂದ ವರ್ಷದ ಬಡ್ಡಿ ಒಂದು ಲಕ್ಷ ದಾಟಿದರೆ ಮಾತ್ರ ಕತ್ತರಿಸುತ್ತಾರೆ.

ಮತ್ತೆ ಮುಖ್ಯವಾದದ್ದು. ಎಫ್‌ಡಿ ಅಂತ ಹೋದವರಿಗೆ ಪಾಲಿಸಿ ತೋರಿಸುತ್ತಾರೆ. ಸಹಿ ಮಾಡುವ ಕಾಗದದ ಮೇಲೆ ಇನ್ಶೂರೆನ್ಸ್ ಅಂತಿದೆಯಾ ನೋಡಿ.

ಬೆಳಗಾವಿ ಬುಲೆಟ್

ಸರ್, ನಾನೂ ಈಗಷ್ಟೇ ನನ್ನ ಆ್ಯಪ್ ತೆಗೆದು ನೋಡಿದೆ. ಏಳು ಪರ್ಸೆಂಟ್ ಖಾತೆಯಲ್ಲಿ ನನ್ನದು 41 ಸಾವಿರ ಇದೆ. ನನ್ನ ಸ್ಲ್ಯಾಬಿಗೆ ಮೂರಂತೆ. 🙏 ಸುಮ್ನಾಗ್ತೀನಿ.

ನವನಗರದ ಮಾಸ್ತರ

ಇವತ್ತು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಏನಾಯ್ತು ಅಂತ ಹೇಳ್ತೀನಿ.

ಸಾಹೇಬರು ಹೇಳಿದ ಹಾಗೇ ಆಯ್ತು. ಎಫ್‌ಡಿ ಮಾಡಿಸಬೇಕು ಅಂದ ಕೂಡಲೇ ಒಬ್ಬ ಟೈ ಹಾಕಿದ ಹುಡುಗ ಎಲ್ಲಿಂದಲೋ ಬಂದ. "ಅಂಕಲ್, ಎಫ್‌ಡಿಯಲ್ಲಿ ಈಗ ಏನೂ ಇಲ್ಲ, ಇದು ನೋಡಿ, ವರ್ಷಕ್ಕೆ 50 ಸಾವಿರ, ಐದೇ ವರ್ಷ ಕಟ್ಟಿದರೆ ಸಾಕು, ಹತ್ತನೇ ವರ್ಷ ಡಬಲ್" ಅಂತ ಬಣ್ಣದ ಕಾಗದ ಮುಂದಿಟ್ಟ. ನಾನು ಬಾಯಿ ತೆಗೆಯುವ ಮೊದಲೇ ಅಪ್ಪ ಕೇಳಿದರು: "ತಮ್ಮಾ, ಹತ್ತನೇ ವರ್ಷಕ್ಕ ನನಗ ಎಂಬತ್ತಾರು. ಡಬಲ್ ರೊಕ್ಕ ಯಾರಿಗೆ ಕೊಡ್ತಿ?" ಹುಡುಗ ನಕ್ಕ, ಅಪ್ಪನೂ ನಕ್ಕರು. ಪಾಪ, ಅವನಿಗೂ ಟಾರ್ಗೆಟ್ ಇರುತ್ತೆ.

ಸ್ವೀಪ್ ಕೇಳಿದೆ. ಮೊದಲು ಇಲ್ಲ ಅಂದರು. ಮುಧೋಳದ ಅಣ್ಣನ ಮಾತು ನೆನಪಿಟ್ಟು ಮತ್ತೆ ಕೇಳಿದೆ, ಒಳಗಿನಿಂದ ಒಬ್ಬ ಮೇಡಂ ಬಂದು ಇದೆ ಅಂದರು. ಆದರೆ ಅಪ್ಪನಿಗೆ ರೊಕ್ಕ ತಾನಾಗಿ ಆಚೆ ಈಚೆ ಹೋಗೋದು ಹಿಡಿಸಲಿಲ್ಲ. "ನನ್ನ ರೊಕ್ಕ ನನಗ ಕೇಳದ ಎಲ್ಲಿ ಹೋಗ್ತೈತಿ" ಅಂತ ಎರಡು ಸಲ ಕೇಳಿದರು. ಬಿಟ್ಟುಬಿಟ್ಟೆ. 2.7 ಲಕ್ಷವನ್ನು 90 ಸಾವಿರದ ಮೂರು ಎಫ್‌ಡಿ ಮಾಡಿಸಿದೆ, ಆಸ್ಪತ್ರೆಗೆ ಬೇಕಾದರೆ ಒಂದನ್ನೇ ಒಡೆಯಬಹುದು ಅಂತ. ದರ 6.75 ಸಿಕ್ಕಿತು. ನಾಮಿನಿ ಅವ್ವನ ಹೆಸರು. ರಿನೀವಲ್ ಕಾಲಂ ಬಂದಾಗ ಟಿಳಕವಾಡಿ ಅಕ್ಕನ ನೆನಪಾಗಿ ತಾನಾಗಿ ಮಾಡಬೇಡಿ ಅಂತ ಬರೆಸಿದೆ. ಆಗ ಆ ಮೇಡಂ ತಾವಾಗಿಯೇ ಒಂದು ಮಾತು ಹೇಳಿದರು: ಅವಧಿ ಮುಗಿದ ಮೇಲೆ ಬಂದು ತೆಗೆಯದೆ ಬಿಟ್ಟರೆ ಎಸ್‌ಬಿ ದರ ಅಥವಾ ಎಫ್‌ಡಿ ದರ, ಯಾವುದು ಕಡಿಮೆಯೋ ಅಷ್ಟೇ ಬರುತ್ತೆ, ಹಾಗಾಗಿ ತಾರೀಖು ಮರೀಬೇಡಿ ಅಂತ. ಆ ಒಂದು ಮಾತಿಗೆ ಅಪ್ಪ ಬಹಳ ಖುಷಿಯಾದರು. ನೋಡು, ಬ್ಯಾಂಕಿನವರು ಎಷ್ಟು ಚಲೋ ಜನ ಅಂತ ದಾರಿ ತುಂಬಾ ನನಗೇ ಹೇಳಿಕೊಂಡು ಬಂದರು. ಮೂರು ತಾರೀಖನ್ನೂ ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಬರೆದಿದ್ದಾರೆ.

ಪಾಸ್‌ಬುಕ್ ಮಾತ್ರ ಎಂಟ್ರಿ ಆಗಲಿಲ್ಲ. ಸೋಮವಾರ ಬರಲು ಹೇಳಿದ್ದಾರೆ.

ರಿಟೈರ್ಡ್ ಕ್ಯಾಷಿಯರ್, ವಿಜಯಪುರ

ಯಾವ ಸೋಮವಾರ ಅಂತ ಕೇಳಿದ್ದೀರಾ?